ಅಸ್ಥಿಗತ ಏಡಿಗಂತಿ : ಹೊರರೋಗಿಗಳ ಚಿಕಿತ್ಸಾವ್ಯವಸ್ಥೆ

ಜನರು ಸಾಮಾನ್ಯವಾಗಿ ಕ್ಯಾನ್ಸರ್ ಎಂದೇ ಕರೆಯುವ ಏಡಿಗಂತಿಯು ತಾನು ಮೊದಲು ಹುಟ್ಟಿದ ಅವಯವವನ್ನು ಮೀರಿ, ರಕ್ತಪ್ರವಾಹದ ಮೂಲಕ ಸಾಗಿ, ಎಲುಬುಗಳಲ್ಲಿ ನೆಲೆಯೂರಿದಾಗ ಅದನ್ನು ಅಸ್ಥಿಗತ ಏಡಿಗಂತಿ ಎನ್ನುವರು. ಎಲುಬಿನಲ್ಲಿಯೇ ಮೊದಲಾಗಿ ಹುಟ್ಟುವ ಗಂತಿಗಳು ವಿರಳ. ಬೇರೆಡೆಯಿಂದ ಬಂದು ಸೇರುವ ಈ ಬಗೆಯದಾದರೋ ಬಹು ಸಾಮಾನ್ಯ. ಇಂಥ ರೋಗಿಗಳಲ್ಲಿ ಅನೇಕರು ಹಾಸಿಗೆ ಹಿಡಿದವರಲ್ಲ. ಮನೆಯಲ್ಲಿದ್ದು, ಕೈಲಾದಷ್ಟು ಕೆಲಸ ಮಾಡಿಕೊಂಡು, ಆಗಾಗ ಆಸ್ಪತ್ರೆಗೆ ಬಂದು ಹೋಗುವವರು. ಅವರ ನೋವನ್ನು ಶಮನಗೊಳಿಸುವುದು, ಎಲುಬು ಮುರಿಯದಂತೆ ಕಾಯುವುದು, ನಡೆಯುವ ಶಕ್ತಿಯನ್ನು ಉಳಿಸುವುದು, ಈ ಮೂರು ಉದ್ದೇಶಗಳಿಗಾಗಿ ಹಲವು ಶಾಖೆಗಳ ತಜ್ಞರನ್ನು ಒಂದೇ ಸ್ಥಳದಲ್ಲಿ, ಸಾಧ್ಯವಾದರೆ ಒಂದೇ ದಿನದಲ್ಲಿ, ರೋಗಿಯ ಬಳಿಗೆ ತರುವ ಏರ್ಪಾಡೇ ಅಸ್ಥಿಗತ ಏಡಿಗಂತಿಯ ಹೊರರೋಗಿ ಚಿಕಿತ್ಸಾಲಯ.

ರೋಗದ ಸ್ವರೂಪ : ಸ್ತನ, ಪ್ರಾಸ್ಟೇಟ್ ಗ್ರಂಥಿ, ಶ್ವಾಸಕೋಶ, ಮೂತ್ರಪಿಂಡ, ಥೈರಾಯಿಡ್ ಗ್ರಂಥಿ ಇವುಗಳ ಏಡಿಗಂತಿಗಳು ಎಲುಬಿನ ಕಡೆಗೆ ವಿಶೇಷವಾಗಿ ಒಲಿಯುತ್ತವೆ. ಸ್ತನದ ಅಥವಾ ಪ್ರಾಸ್ಟೇಟಿನ ಏಡಿಗಂತಿಯಿಂದ ಮರಣ ಹೊಂದಿದವರ ಶವಪರೀಕ್ಷೆಗಳಲ್ಲಿ ಸುಮಾರು ಶೇ. 70 ಮಂದಿಯ ಎಲುಬುಗಳಲ್ಲಿ ರೋಗ ಕಂಡುಬಂದಿದೆ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ, ಸ್ತನದ ಏಡಿಗಂತಿಯಿಂದ ಮೃತರಾದ 735 ಮಂದಿಯ ಶವಪರೀಕ್ಷಾ ದಾಖಲೆಗಳನ್ನು ಪರಿಶೀಲಿಸಿ, ಗಂತಿಯ ಕಣಗಳು ಬೀಜಗಳಂತೆ ಎಲ್ಲ ದಿಕ್ಕಿಗೂ ಚೆಲ್ಲಿದರೂ ತಮಗೆ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತವೆಂದು ವಾದಿಸಿದನು. 1940ರಲ್ಲಿ ಅಮೆರಿಕದ ಅಂಗರಚನಾಶಾಸ್ತ್ರಜ್ಞ ಆಸ್ಕರ್ ಬ್ಯಾಟ್ಸನ್, ಶ್ರೋಣಿಯಿಂದ ಬೆನ್ನೆಲುಬಿನುದ್ದಕ್ಕೂ ಹಬ್ಬಿರುವ ಕವಾಟರಹಿತವಾದ ಸಿರೆಗಳ ಜಾಲವನ್ನು ವಿವರಿಸಿ, ಪ್ರಾಸ್ಟೇಟಿನ ಗಂತಿ ಶ್ವಾಸಕೋಶವನ್ನು ಹಾಯದೆಯೇ ಕಶೇರುಗಳನ್ನು ಸೇರಬಲ್ಲ ದಾರಿಯನ್ನು ತೋರಿಸಿದನು. ಬೀಜ, ಮಣ್ಣು, ದಾರಿ ಇವು ಮೂರೂ ಸೇರಿ, ಕಶೇರುಗಳು, ಶ್ರೋಣಿ, ಪಕ್ಕೆಲುಬುಗಳು, ತಲೆಬುರುಡೆ, ತೊಡೆಯೆಲುಬಿನ ಮತ್ತು ತೋಳೆಲುಬಿನ ಮೇಲ್ತುದಿಗಳು ಈ ರೋಗಕ್ಕೆ ಹೆಚ್ಚಾಗಿ ಈಡಾಗುವುದೇಕೆಂಬುದನ್ನು ತಿಳಿಸುತ್ತವೆ.

ಎಲುಬು ಜಡವಸ್ತುವಲ್ಲ. ಹಳೆಯ ಎಲುಬನ್ನು ಕರಗಿಸುವ ಅಸ್ಥಿಭಕ್ಷಕ ಕಣಗಳೂ ಹೊಸತನ್ನು ಕಟ್ಟುವ ಅಸ್ಥಿಜನಕ ಕಣಗಳೂ ಜೀವಮಾನವಿಡೀ ಜೊತೆಜೊತೆಯಾಗಿ ದುಡಿಯುತ್ತಿರುತ್ತವೆ. ಒಳನುಗ್ಗಿದ ಗಂತಿಯು ಅಸ್ಥಿಭಕ್ಷಕಗಳನ್ನು ಕೆರಳಿಸುತ್ತದೆ. ಕರಗಿದ ಎಲುಬಿನಿಂದ ಹೊರಬೀಳುವ ಬೆಳವಣಿಗೆಯ ದ್ರವ್ಯಗಳು ಗಂತಿಯನ್ನು ಮತ್ತಷ್ಟು ಪೋಷಿಸುತ್ತವೆ. ಹೀಗೆ ಒಂದರ ಅನ್ನ ಮತ್ತೊಂದಾಗಿ, ವಿಷಚಕ್ರವೊಂದು ಉರುಳತೊಡಗುತ್ತದೆ. ಮೂತ್ರಪಿಂಡದ ಮತ್ತು ಥೈರಾಯಿಡಿನ ಗಂತಿಗಳಲ್ಲಿ ಎಲುಬು ಕರಗಿ ಪೊಳ್ಳಾಗುವುದು ಮುಖ್ಯಲಕ್ಷಣವಾದರೆ, ಪ್ರಾಸ್ಟೇಟಿನ ಗಂತಿಯಲ್ಲಿ ಅಡ್ಡಾದಿಡ್ಡಿಯಾಗಿ ಹೊಸ ಎಲುಬು ಬೆಳೆಯುವುದು ಹೆಚ್ಚು. ಸ್ತನದ ಗಂತಿಯಲ್ಲಿ ಎರಡೂ ಬೆರೆತಿರುವುದುಂಟು. ಕರಗಿದ ಎಲುಬು ಸಹಜವಾಗಿಯೇ ದುರ್ಬಲ. ಬೆಳೆದ ಎಲುಬು ನೋಟಕ್ಕೆ ದಟ್ಟವಾಗಿದ್ದರೂ ಹೆಣಿಗೆ ತಪ್ಪಿದ ಬುಟ್ಟಿಯಂತೆ ಭಾರವನ್ನು ತಾಳಲಾರದು.

ಇದರ ಪರಿಣಾಮಗಳು ನಾಲ್ಕು ವಿಧ. ಮೊದಲನೆಯದು ನೋವು, ಆರಂಭದಲ್ಲಿ ಮಂದವಾಗಿ, ರಾತ್ರಿಯಲ್ಲಿ ಹೆಚ್ಚಾಗಿ, ಮುಂದೆ ಮಗ್ಗುಲು ಬದಲಿಸಿದಾಗಲೂ ಕೆಮ್ಮಿದಾಗಲೂ ಇರಿಯುವಂಥದು. ಎರಡನೆಯದು ಸಣ್ಣ ನೆಪಕ್ಕೇ ಎಲುಬು ಮುರಿಯುವುದು. ಮೂರನೆಯದು ಕುಸಿದ ಕಶೇರು ಅಥವಾ ಬೆಳೆದ ಗಂತಿ ಬೆನ್ನುಹುರಿಯನ್ನು ಅಮುಕಿ ಕಾಲುಗಳ ಶಕ್ತಿಯನ್ನೂ ಮಲಮೂತ್ರಗಳ ಹತೋಟಿಯನ್ನೂ ಕಸಿಯುವುದು. ನಾಲ್ಕನೆಯದು ರಕ್ತದಲ್ಲಿ ಕ್ಯಾಲ್ಸಿಯಮ್ ಮಿತಿಮೀರಿ, ಬಾಯಾರಿಕೆ, ವಾಂತಿ, ಮಲಬದ್ಧತೆ, ಮಂಕು ಇವುಗಳಿಂದ ತೊಡಗಿ ಪ್ರಜ್ಞಾಹೀನತೆಯವರೆಗೆ ಕೊಂಡೊಯ್ಯುವ ಸ್ಥಿತಿ.

ವ್ಯವಸ್ಥೆಯ ಅಗತ್ಯ : ಈ ನಾಲ್ಕೂ ಪರಿಣಾಮಗಳಿಗೆ ಪರಿಹಾರಗಳಿವೆ, ಆದರೆ ಅವು ಒಬ್ಬನೇ ವೈದ್ಯನ ಕೈಯಲ್ಲಿಲ್ಲ. ಕಿರಣಗಳನ್ನು ಹಾಯಿಸತಕ್ಕವನು ವಿಕಿರಣತಜ್ಞ. ಎಲುಬಿಗೆ ಸರಳು ತೊಡಿಸತಕ್ಕವನು ಅಸ್ಥಿಶಸ್ತ್ರಜ್ಞ. ಕುಸಿದ ಕಶೇರುವಿಗೆ ಸೂಜಿಯ ಮೂಲಕ ಗಾರೆ ತುಂಬತಕ್ಕವನು ಕ್ಷಕಿರಣಶಾಸ್ತ್ರಜ್ಞ. ಮೂಲರೋಗಕ್ಕೆ ಔಷಧ ನಿರ್ಣಯಿಸತಕ್ಕವನು ಏಡಿಗಂತಿಯ ವೈದ್ಯ. ನೋವಿನ ಮದ್ದನ್ನು ತೂಗಿ ಕೊಡತಕ್ಕವನು ಉಪಶಮನತಜ್ಞ. ಹಳೆಯ ಪದ್ಧತಿಯಲ್ಲಿ ರೋಗಿಯು ಇವರಲ್ಲಿ ಒಬ್ಬೊಬ್ಬರ ಬಾಗಿಲಿಗೂ ಬೇರೆ ಬೇರೆ ದಿನ ಚೀಟಿ ಹಿಡಿದು ಹೋಗಬೇಕಾಗಿತ್ತು. ಒಬ್ಬರು ಇನ್ನೊಬ್ಬರಿಗೆ ಬರೆದ ಕಾಗದ ತಲಪುವ ಹೊತ್ತಿಗೆ ತೊಡೆಯೆಲುಬು ಮುರಿದಿರುವ ಸಂಭವವೂ ಇತ್ತು. ಇಂಥ ರೋಗಿಗಳಲ್ಲಿ ಅನೇಕರ ಶೇಷಾಯುಷ್ಯವನ್ನು ತಿಂಗಳುಗಳಲ್ಲಿ ಎಣಿಸಬೇಕಾಗಿರುವುದರಿಂದ, ನಡುಮನೆಯಲ್ಲಿ ಮಕ್ಕಳು ಮೊಮ್ಮಕ್ಕಳೊಡನೆ ಕಳೆಯಬಹುದಾದ ಒಂದು ದಿನವನ್ನು ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಕಳೆಯುವಂತೆ ಮಾಡುವುದು ಅಲ್ಪ ನಷ್ಟವಲ್ಲ. ರೋಗಿಯ ಕಾಲವೇ ಇಲ್ಲಿ ಅತ್ಯಂತ ಬೆಲೆಯುಳ್ಳ ದ್ರವ್ಯ. ಅದನ್ನು ಪೋಲು ಮಾಡದಿರುವುದೇ ವ್ಯವಸ್ಥೆಯ ಪ್ರಥಮ ಧರ್ಮ.

ಟೊರಾಂಟೊ ಮಾದರಿ : ಈ ತತ್ತ್ವವನ್ನು ಕ್ರಮಬದ್ಧವಾಗಿ ಆಚರಣೆಗೆ ತಂದ ಪ್ರಸಿದ್ಧ ನಿದರ್ಶನವೊಂದು ಕೆನಡಾ ದೇಶದ ಟೊರಾಂಟೊ ನಗರದಲ್ಲಿದೆ. ಅಲ್ಲಿನ ಸನ್ನಿಬ್ರೂಕ್ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವು 1996ರಲ್ಲಿ ಉಪಶಮನಾರ್ಥ ವಿಕಿರಣಕ್ಕಾಗಿ ಶೀಘ್ರಸ್ಪಂದನ ಚಿಕಿತ್ಸಾಲಯವೊಂದನ್ನು ತೆರೆಯಿತು. ದೀರ್ಘಕಾಲದ ಸರದಿಯಲ್ಲಿ ಕಾಯಿಸುವ ಬದಲು, ನೋವಿರುವ ರೋಗಿಯನ್ನು ಬೇಗನೆ ಕರೆಯಿಸಿ, ಪರೀಕ್ಷೆ, ಕಿರಣಗಳ ಗುರಿ ನಿರ್ಧಾರ, ಚಿಕಿತ್ಸೆ ಈ ಮೂರನ್ನೂ ಸಾಧ್ಯವಾದಲ್ಲೆಲ್ಲ ಒಂದೇ ದಿನದಲ್ಲಿ ಮುಗಿಸಿ ಮನೆಗೆ ಕಳುಹಿಸುವುದು ಅದರ ರೀತಿ. ಕಿರಣಗಳಿಂದಷ್ಟೇ ಬಗೆಹರಿಯದ ಸಮಸ್ಯೆಗಳು ಎದುರಾಗುತ್ತಿದ್ದುದರಿಂದ, 1999ರಲ್ಲಿ ಅದೇ ಕೇಂದ್ರದಲ್ಲಿ ಅಸ್ಥಿಗತ ಏಡಿಗಂತಿಗಾಗಿಯೇ ಪ್ರತ್ಯೇಕ ಚಿಕಿತ್ಸಾಲಯ ಸ್ಥಾಪಿತವಾಯಿತು. ವಿಕಿರಣತಜ್ಞರು, ಅಸ್ಥಿಶಸ್ತ್ರಜ್ಞರು, ಕ್ಷಕಿರಣಶಾಸ್ತ್ರಜ್ಞರು, ಉಪಶಮನತಜ್ಞರು ಅಲ್ಲಿ ಒಂದೇ ರೋಗಿಯನ್ನು ಕೂಡಿ ನೋಡತೊಡಗಿದರು. ಈ ಕಾರ್ಯದೊಡನೆ ವಿಕಿರಣತಜ್ಞ ಎಡ್ವರ್ಡ್ ಚೌ ಅವರ ಹೆಸರು ವಿಶೇಷವಾಗಿ ಸೇರಿಕೊಂಡಿದೆ. ಚಿಕಿತ್ಸೆ ನೀಡುವುದರೊಂದಿಗೆ ಪ್ರತಿಯೊಬ್ಬ ರೋಗಿಯ ನೋವನ್ನೂ ಅಳೆದು ಬರೆದಿಡುವ ಪದ್ಧತಿಯನ್ನು ಅವರು ಬೆಳೆಸಿದ್ದರಿಂದ, ಹೊರರೋಗಿ ವಿಭಾಗವೇ ಸಂಶೋಧನೆಯ ಕ್ಷೇತ್ರವೂ ಆಯಿತು.

ಪರೀಕ್ಷಾಕ್ರಮ : ಚಿಕಿತ್ಸಾಲಯದ ಕೆಲಸ ವೈದ್ಯನಿಂದಲ್ಲ, ದಾದಿಯಿಂದ ಮೊದಲಾಗತಕ್ಕದ್ದು. ಯಾರನ್ನು ಇಂದೇ ನೋಡಬೇಕು, ಯಾರು ವಾರ ಕಾಯಬಹುದು ಎಂಬ ವಿಂಗಡಣೆ ದೂರವಾಣಿಯಲ್ಲಿ ಆಕೆ ಕೇಳುವ ನಾಲ್ಕಾರು ಪ್ರಶ್ನೆಗಳನ್ನು ಅವಲಂಬಿಸಿದೆ. “ಮಲಗಿದರೆ ನೋವು ತಾಳಲಾರೆ, ಕುರ್ಚಿಯಲ್ಲಿ ಕುಳಿತೇ ನಿದ್ದೆ ಮಾಡುತ್ತಿದ್ದೇನೆ” ಎಂದು ರೋಗಿ ಹೇಳಿದರೆ, ಅನುಭವಸ್ಥೆಯಾದ ದಾದಿ ಅದನ್ನು ಸಾಮಾನ್ಯ ಬೆನ್ನುನೋವೆಂದು ಬಗೆಯಳು. “ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿಹೋದದ್ದು ತಿಳಿಯಲೇ ಇಲ್ಲ” ಎಂಬ ಮಾತು ಕಿವಿಗೆ ಬಿದ್ದರಂತೂ, ಬೆನ್ನುಹುರಿ ಆಗಲೇ ಅಪಾಯದಲ್ಲಿದೆಯೆಂದು ತಿಳಿದು ಅಂದೇ ಕರೆಯಿಸುವಳು.

ಬಂದ ರೋಗಿಯು ತನ್ನ ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಗಳಲ್ಲಿ ತಾನೇ ಸೂಚಿಸುವನು. ಸೊನ್ನೆಯೆಂದರೆ ನೋವಿಲ್ಲ, ಹತ್ತೆಂದರೆ ಊಹಿಸಬಹುದಾದ ಪರಮಾವಧಿ. ನೋವು ಪರರ ಕಣ್ಣಿಗೆ ಕಾಣದ ವಸ್ತುವಾದ್ದರಿಂದ ಅದಕ್ಕೆ ಅನುಭವಿಸುವವನೇ ಸಾಕ್ಷಿ, ಅವನೇ ಪ್ರಮಾಣ. ಚಿಕಿತ್ಸೆಯ ನಂತರ ಮದ್ದಿನ ಪ್ರಮಾಣ ಏರದೆ ಈ ಅಂಕ ಎರಡಾದರೂ ಇಳಿದರೆ ಫಲಿಸಿತೆಂದು ಗಣಿಸುವುದು ಅಂತರರಾಷ್ಟ್ರೀಯ ಸಮ್ಮತಿ. ಅನಂತರ ವೈದ್ಯನು ಬೆನ್ನೆಲುಬಿನ ಒಂದೊಂದು ಗಂಟನ್ನೂ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡುವನು. ಕಾಲುಗಳ ಬಲವನ್ನೂ ಸ್ಪರ್ಶಜ್ಞಾನವನ್ನೂ ಪರೀಕ್ಷಿಸುವನು. ಕಡೆಗೆ ರೋಗಿಯನ್ನು ನಡೆಸಿ ನೋಡುವನು. ಬರಿಯ ಕ್ಷಕಿರಣ ಚಿತ್ರವನ್ನು ನೆಚ್ಚಿ ಸುಮ್ಮನಿರಲಾಗದು. ಎಲುಬಿನ ಖನಿಜಾಂಶ ಶೇ. 30ರಿಂದ 50ರವರೆಗೆ ನಷ್ಟವಾಗುವ ತನಕ ಅದರಲ್ಲಿ ಪೊಳ್ಳು ಗೋಚರಿಸದೆ ಇರಬಹುದು. ವಿಕಿರಣಶೀಲ ಟೆಕ್ನೀಷಿಯಮ್ ಬಳಸಿದ ಅಸ್ಥಿಚಿತ್ರಣ ಇಡೀ ಅಸ್ಥಿಪಂಜರದ ನಕ್ಷೆಯನ್ನು ಕೊಡುತ್ತದೆ. ಬೆನ್ನುಹುರಿಯ ಸ್ಥಿತಿ ತಿಳಿಯಬೇಕಾದರೆ ಎಂ.ಆರ್.ಐ. ಚಿತ್ರಣವೇ ಶ್ರೇಷ್ಠ, ಅದೂ ನೋವಿರುವ ಭಾಗಕ್ಕೆ ಮಾತ್ರವಲ್ಲದೆ ಇಡೀ ಬೆನ್ನೆಲುಬಿಗೆ.

ವಿಕಿರಣ : ಒಂದೆಡೆ ನೆಲೆಸಿದ ಎಲುಬುನೋವಿಗೆ ಕಿರಣಗಳಷ್ಟು ನಂಬಿಕೆಯ ಪರಿಹಾರ ಬೇರೊಂದಿಲ್ಲ, ಹತ್ತು ಮಂದಿಯಲ್ಲಿ ಸುಮಾರು ಆರು ಮಂದಿಗೆ ನೋವು ಇಳಿಯುತ್ತದೆ, ಇಬ್ಬರಿಗೋ ಮೂವರಿಗೋ ಪೂರ್ತಿಯಾಗಿಯೇ ಹೋಗುತ್ತದೆ. ಎರಡು ಮೂರು ವಾರಗಳವರೆಗೆ ನಿತ್ಯವೂ ಸ್ವಲ್ಪಸ್ವಲ್ಪವಾಗಿ ಕೊಡುವುದು ಹಿಂದೆ ರೂಢಿಯಲ್ಲಿತ್ತು. 8 ಗ್ರೇ (ಗ್ರೇ ಎಂಬುದು ವಿಕಿರಣವನ್ನು ಅಳೆಯುವ ಮಾನ) ಪ್ರಮಾಣವನ್ನು ಒಂದೇ ಬಾರಿಗೆ ಕೊಟ್ಟರೆ ಸಾಲದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಪರೀಕ್ಷೆಗಳಲ್ಲಿ 1996ರಿಂದ 1998ರವರೆಗೆ ನೆದರ್ಲೆಂಡ್ಸಿನಲ್ಲಿ 1,171 ರೋಗಿಗಳನ್ನು ಒಳಗೊಂಡು ನಡೆದದ್ದು ಮುಖ್ಯವಾದುದು. ಒಂದೇ ಬಾರಿ 8 ಗ್ರೇ ಪಡೆದವರಿಗೂ, 4 ಗ್ರೇಯಂತೆ ಆರು ಬಾರಿ ಪಡೆದವರಿಗೂ ನೋವಿನ ಶಮನ ಸಮಸಮನಾಗಿಯೇ ದೊರೆಯಿತು. ಮುಖ್ಯ ಭೇದವಿದ್ದದ್ದು ಇದು: ಮತ್ತೆ ಕಿರಣ ಪಡೆಯಬೇಕಾದವರು ಒಂದೇ ಬಾರಿಯ ಗುಂಪಿನಲ್ಲಿ ಸುಮಾರು ಕಾಲುಪಾಲು, ಆರು ಬಾರಿಯ ಗುಂಪಿನಲ್ಲಿ ಸುಮಾರು ಶೇ. 7. ಹಲವು ದೇಶಗಳ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ಚೌ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪರಾಮರ್ಶೆಯೂ ಇದೇ ನಿರ್ಣಯವನ್ನು ದೃಢಪಡಿಸಿತು. ಆರು ಸಲ ಬರಬೇಕಾದವನು ಒಂದೇ ಸಲ ಬಂದು ಹೋದರೆ ಸಾಕೆಂಬ ಈ ತಿಳಿವಳಿಕೆಯೇ ಹೊರರೋಗಿ ವ್ಯವಸ್ಥೆಗೆ ಬಲವಾದ ಆಧಾರವಾಯಿತೆಂದು ಹೇಳಬಹುದು.

ಚಿಕಿತ್ಸೆಯೂ ರೋಗಿಗೆ ಹೊರೆಯಾಗುವಂಥದಲ್ಲ. ಗಟ್ಟಿಯಾದ ಹಲಗೆಯ ಮೇಲೆ ಅಲುಗದೆ ಮಲಗುವುದೇ ಅದರಲ್ಲಿನ ಕಷ್ಟ. ನೋವುಳ್ಳವನಿಗೆ ಅದೂ ಅಲ್ಪವಲ್ಲವಾದ್ದರಿಂದ, ಅರ್ಧ ಗಂಟೆ ಮೊದಲೇ ಮಾರ್ಫೀನ್ ಕೊಟ್ಟು ಕರೆದೊಯ್ಯುವ ದಾದಿ ತನ್ನ ಕೆಲಸವನ್ನು ಬಲ್ಲವಳು. ಕಿರಣಗಳು ಹಾಯುವುದು ಕೆಲವೇ ನಿಮಿಷ. ಅವು ಸುಡುವುದಿಲ್ಲ, ಕಾಣುವುದೂ ಇಲ್ಲ. ಮೊದಲ ಕೆಲವು ದಿನಗಳಲ್ಲಿ ನೋವು ತಾತ್ಕಾಲಿಕವಾಗಿ ಕೆರಳುವುದುಂಟು. ಇದನ್ನು ಮುಂಚೆಯೇ ತಿಳಿಸದಿದ್ದರೆ ರೋಗಿಯು ಚಿಕಿತ್ಸೆಯೇ ಕೆಟ್ಟಿತೆಂದು ಧೃತಿಗೆಡುವನು. ಡೆಕ್ಸಾಮೆಥಾಸೋನ್ ಔಷಧವನ್ನು ದಿನಕ್ಕೆ 8 ಮಿಲಿಗ್ರಾಂನಂತೆ ಐದು ದಿನ ಕೊಟ್ಟರೆ ಈ ಕೆರಳಿಕೆ ಶೇ. 35ರಿಂದ 26ಕ್ಕೆ ಇಳಿಯುವುದೆಂದು ಕೆನಡಾದಲ್ಲಿ ನಡೆದ ಪರೀಕ್ಷೆಯೊಂದು 2015ರಲ್ಲಿ ತೋರಿಸಿತು. ಪೂರ್ಣಫಲ ಕಾಣಲು ಮೂರು ನಾಲ್ಕು ವಾರ ಹಿಡಿಯಬಹುದಾದ ಕಾರಣ, ಅಲ್ಲಿಯವರೆಗೆ ನೋವಿನ ಮದ್ದನ್ನು ನಿಲ್ಲಿಸಕೂಡದು.

ಶಸ್ತ್ರಕ್ರಿಯೆ : ಯಾವ ಎಲುಬು ಮುರಿಯಲಿದೆಯೆಂಬುದನ್ನು ಮುನ್ನರಿಯುವುದಕ್ಕಾಗಿ ವೈದ್ಯ ಹಿಲ್ಟನ್ ಮಿರೆಲ್ಸ್ 1989ರಲ್ಲಿ ಸರಳವಾದ ಲೆಕ್ಕವೊಂದನ್ನು ಸೂಚಿಸಿದರು. ಗಂತಿಯ ಸ್ಥಾನ, ನೋವಿನ ತೀವ್ರತೆ, ಗಂತಿಯ ಬಗೆ, ಎಲುಬಿನ ಅಗಲದಲ್ಲಿ ಅದು ಆಕ್ರಮಿಸಿದ ಭಾಗ, ಈ ನಾಲ್ಕಕ್ಕೂ ಒಂದರಿಂದ ಮೂರರವರೆಗೆ ಅಂಕ ಕೊಟ್ಟು ಕೂಡಿಸುವುದು ಅದರ ಕ್ರಮ. ಉದಾಹರಣೆಗೆ, ತೊಡೆಯೆಲುಬಿನ ಮೇಲ್ತುದಿಯ ಉಬ್ಬಿನ ಬಳಿ ಗಂತಿಯಿದ್ದರೆ 3, ಅದು ಎಲುಬನ್ನು ಕರಗಿಸುವ ಬಗೆಯದಾದರೆ 3, ಅಗಲದ ಅರ್ಧಭಾಗವನ್ನು ಆವರಿಸಿದ್ದರೆ 2, ಕಾಲೂರಿದಾಗಲೆಲ್ಲ ನೋವು ಹೆಚ್ಚುವುದಾದರೆ 3, ಒಟ್ಟು 11. ಮಿರೆಲ್ಸರು ಕಂಡಂತೆ ಮೊತ್ತ 8 ಆದಾಗ ಮುರಿಯುವ ಸಂಭವ ಶೇ. 15, 9 ಆದಾಗ ಶೇ. 33. ಒಂಬತ್ತು ಮತ್ತು ಅದಕ್ಕೆ ಮೇಲ್ಪಟ್ಟ ಅಂಕದವರಿಗೆ, ಶಸ್ತ್ರಕ್ರಿಯೆಯನ್ನು ತಾಳುವ ಶಕ್ತಿಯಿದ್ದಲ್ಲಿ, ಎಲುಬು ಮುರಿಯುವ ಮುನ್ನವೇ ಲೋಹದ ಸರಳನ್ನು ಸೇರಿಸಿ ಬಲಪಡಿಸುವುದು ಯುಕ್ತ. ಮುರಿದ ಮೇಲೆ ಜೋಡಿಸುವುದಕ್ಕಿಂತ ಮುರಿಯುವ ಮುನ್ನ ಕಾಯುವುದರಿಂದ ರೋಗಿ ಬೇಗ ಎದ್ದು ನಡೆಯುವನು. ಬೆನ್ನೆಲುಬಿನ ಸ್ಥಿರತೆಯನ್ನು ಅಳೆಯಲು 2010ರಲ್ಲಿ ರೂಪುಗೊಂಡ ಅಂಕಪದ್ಧತಿಯಲ್ಲಿ 18 ಅಂಕಗಳಿವೆ. ಏಳು ಅಥವಾ ಅದಕ್ಕೆ ಮೇಲ್ಪಟ್ಟ ಅಂಕ ಮುಟ್ಟಿದವರನ್ನೆಲ್ಲ ಶಸ್ತ್ರಜ್ಞನು ನೋಡಲೇಬೇಕು.

ಔಷಧಗಳು : ಅಸ್ಥಿಭಕ್ಷಕಗಳ ಹಾವಳಿಯನ್ನು ತಡೆಯುವ ಔಷಧಗಳು ಮುರಿತ ಮೊದಲಾದ ಅನಾಹುತಗಳನ್ನು ಮುಂದೂಡುತ್ತವೆ. ಜೊಲೆಡ್ರಾನಿಕ್ ಆಮ್ಲವನ್ನು 4 ಮಿಲಿಗ್ರಾಂನಷ್ಟು, ಹದಿನೈದು ನಿಮಿಷಗಳಿಗೆ ಕಡಮೆಯಾಗದಂತೆ ನಿಧಾನವಾಗಿ, ಸಿರೆಯ ಮೂಲಕ ಕೊಡುವರು. ತಿಂಗಳಿಗೊಮ್ಮೆ ಕೊಡುತ್ತಿದ್ದ ಇದನ್ನು ಹನ್ನೆರಡು ವಾರಗಳಿಗೊಮ್ಮೆ ಕೊಟ್ಟರೂ ಫಲ ಕುಂದದೆಂದು ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದು 2017ರಲ್ಲಿ ತಿಳಿಸಿತು. ಡೆನೊಸುಮ್ಯಾಬ್ 120 ಮಿಲಿಗ್ರಾಂ ಚರ್ಮದಡಿಯ ಚುಚ್ಚುಮದ್ದು. ಮೂತ್ರಪಿಂಡ ದುರ್ಬಲವಾದವರಿಗೂ ಒಗ್ಗುವಂಥದು, ಆದರೆ ರಕ್ತದ ಕ್ಯಾಲ್ಸಿಯಮ್ ಕುಸಿಯದಂತೆ ಎಚ್ಚರ ಬೇಕು. ಈ ಎರಡು ಔಷಧಗಳಿಂದಲೂ ದವಡೆಯ ಎಲುಬು ಕೊಳೆಯುವ ವಿಪತ್ತು ವಿರಳವಾಗಿ ಒದಗಬಹುದೆಂಬುದು ತಿಳಿದುಬಂದಿದೆ. ಆದಕಾರಣ ಮೊದಲ ಚುಚ್ಚುಮದ್ದಿಗೆ ಮುನ್ನ ರೋಗಿಯನ್ನು ದಂತವೈದ್ಯನ ಬಳಿಗೆ ಕಳುಹಿಸಿ, ಕೀಳಬೇಕಾದ ಹಲ್ಲಿದ್ದರೆ ಕೀಳಿಸಿ, ಹುಣ್ಣು ಮಾಯ್ದ ಮೇಲೆಯೇ ಔಷಧ ಆರಂಭಿಸತಕ್ಕದ್ದು. ಒಳ್ಳೆಯ ಚಿಕಿತ್ಸಾಲಯವನ್ನು ಗುರುತಿಸಲು ಇಂಥ ಸಣ್ಣ ಎಚ್ಚರಿಕೆಗಳೇ ಸಾಕು.

ನೋವಿನ ಮದ್ದುಗಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಪ್ರಕಟಿಸಿದ ಮೂರು ಮೆಟ್ಟಿಲುಗಳ ಕ್ರಮ ಲೋಕಪ್ರಸಿದ್ಧ: ಪ್ಯಾರಾಸಿಟಮಾಲ್ ಮೊದಲಾದವು ಕೆಳಮೆಟ್ಟಿಲು, ಮಾರ್ಫೀನ್ ಮೇಲ್ಮೆಟ್ಟಿಲು. ನೋವು ಬಂದ ಮೇಲೆ ಮಾತ್ರೆ ನುಂಗುವುದಲ್ಲ, ನೋವು ಮರಳುವ ಮುನ್ನವೇ ಗಡಿಯಾರ ನೋಡಿ ನುಂಗುವುದು ಅದರ ಸಾರ. ಮಾರ್ಫೀನ್ ಆರಂಭಿಸಿದ ದಿನವೇ ಮಲಬದ್ಧತೆಗೂ ಮದ್ದು ಬರೆಯದ ವೈದ್ಯನು ಅರ್ಧ ಕೆಲಸವನ್ನು ಬಿಟ್ಟಂತೆಯೇ ಸರಿ.

ಬೆನ್ನುಹುರಿಯ ತುರ್ತುಸ್ಥಿತಿ : ಬೆನ್ನುಹುರಿ ಒತ್ತಡಕ್ಕೆ ಸಿಕ್ಕ ಸ್ಥಿತಿಯೇ ಹೊರರೋಗಿ ವ್ಯವಸ್ಥೆಯ ನಿಜವಾದ ಸತ್ವಪರೀಕ್ಷೆ. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಇಂಗ್ಲೆಂಡಿನ ನೈಸ್ ಸಂಸ್ಥೆಯು 2008ರಲ್ಲಿ ಹೊರಡಿಸಿದ ಸೂತ್ರಗಳ ಪ್ರಕಾರ, ಏಡಿಗಂತಿಯುಳ್ಳವನಿಗೆ ಕಾಲಿನ ದೌರ್ಬಲ್ಯವೇ ಮೊದಲಾದ ನರಲಕ್ಷಣಗಳು ಕಂಡರೆ 24 ಗಂಟೆಗಳೊಳಗೆ, ಶಂಕಾಸ್ಪದವಾದ ಬೆನ್ನುನೋವು ಮಾತ್ರ ಇದ್ದರೆ ಒಂದು ವಾರದೊಳಗೆ, ಎಂ.ಆರ್.ಐ. ಚಿತ್ರಣ ಆಗಬೇಕು, ಎಲ್ಲ ಕರೆಗಳನ್ನೂ ಸ್ವೀಕರಿಸಿ ದಾರಿ ತೋರುವ ಸಂಯೋಜಕರು ಇರಬೇಕು. 2005ರಲ್ಲಿ ವೈದ್ಯ ರಾಯ್ ಪ್ಯಾಚೆಲ್ ಮತ್ತು ಸಂಗಡಿಗರು, ಆಯ್ದ 101 ರೋಗಿಗಳಲ್ಲಿ ಕಿರಣಮಾತ್ರ ಪಡೆದವರನ್ನೂ ಶಸ್ತ್ರಕ್ರಿಯೆಯೊಡನೆ ಕಿರಣ ಪಡೆದವರನ್ನೂ ಹೋಲಿಸಿದಾಗ, ಚಿಕಿತ್ಸೆಯ ನಂತರ ನಡೆಯಬಲ್ಲವರು ಮೊದಲ ಗುಂಪಿನಲ್ಲಿ ಶೇ. 57, ಎರಡನೆಯದರಲ್ಲಿ ಶೇ. 84 ಇದ್ದರು. ಆದ್ದರಿಂದಲೇ ಅಸ್ಥಿಶಸ್ತ್ರಜ್ಞನೂ ವಿಕಿರಣತಜ್ಞನೂ ಒಬ್ಬರಿಗೊಬ್ಬರು ಕಾಗದ ಬರೆಯುವುದಲ್ಲ, ಒಂದೇ ಚಿತ್ರದ ಮುಂದೆ ನಿಂತು ಅಂದೇ ತೀರ್ಮಾನಿಸಬೇಕು.

ಕರ್ನಾಟಕದಲ್ಲಿ : ಈ ರಾಜ್ಯದ ಏಡಿಗಂತಿ ಚಿಕಿತ್ಸೆಯ ಪ್ರಧಾನ ಸಾರ್ವಜನಿಕ ಸಂಸ್ಥೆಯಾದ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯು 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು, ಕಲಬುರಗಿಯಲ್ಲಿ ಅದರ ಶಾಖಾಕೇಂದ್ರವಿದೆ. ಉಪಶಮನ ಸೇವೆಯಲ್ಲಿ ಬೆಂಗಳೂರಿನ ಕರುಣಾಶ್ರಯವು ಅಂತ್ಯಾವಸ್ಥೆಯ ಏಡಿಗಂತಿಯ ರೋಗಿಗಳನ್ನು ಉಚಿತವಾಗಿ ಪೋಷಿಸುತ್ತ ಬಂದಿದೆ. ಮಾದಕದ್ರವ್ಯಗಳ ನಿಯಂತ್ರಣಕ್ಕಾಗಿ ಭಾರತವು 1985ರಲ್ಲಿ ಮಾಡಿದ ಕಾನೂನಿನ ಬಿಗಿಯಿಂದ, ನ್ಯಾಯವಾದ ಅಗತ್ಯವುಳ್ಳವರಿಗೂ ಮಾರ್ಫೀನ್ ದೊರೆಯುವುದು ದುಸ್ತರವಾಗಿತ್ತು. 2014ರ ತಿದ್ದುಪಡಿ ಆ ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿತು. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ದೂರ. ಕುಸಿದ ಕಶೇರುವನ್ನು ಹೊತ್ತು ಆ ದಾರಿಯನ್ನು ಬಸ್ಸಿನಲ್ಲಿ ಕ್ರಮಿಸುವವನ ಪಾಡನ್ನು ಊಹಿಸಿದರೆ, ಒಂದೇ ಬಾರಿಯ ಕಿರಣ, ಒಂದೇ ದಿನದ ತಪಾಸಣೆ, ದೂರವಾಣಿಯ ಮೂಲಕ ಮುಂದಿನ ವಿಚಾರಣೆ, ಊರಿನ ಸಮೀಪದಲ್ಲೇ ಮಾರ್ಫೀನ್, ಇವು ಟೊರಾಂಟೊವಿಗಿಂತಲೂ ನಮ್ಮ ನಾಡಿಗೆ ಎಷ್ಟು ಅಗತ್ಯವೆಂಬುದು ಸ್ಪಷ್ಟವಾಗುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ವಾರಕ್ಕೊಂದು ನಿಗದಿಯಾದ ಮಧ್ಯಾಹ್ನ, ಒಂದು ಕೊಠಡಿ, ಕರೆಗೆ ಓಗೊಡುವ ಒಬ್ಬ ದಾದಿ, ಒಟ್ಟಿಗೆ ಕೂಡಲು ಒಪ್ಪಿದ ನಾಲ್ವರು ತಜ್ಞರು ಸಾಕು.

ಉಪಸಂಹಾರ : ಎಲುಬಿಗೆ ಹರಡಿದ ಏಡಿಗಂತಿ ಸಾಮಾನ್ಯವಾಗಿ ಗುಣವಾಗುವ ರೋಗವಲ್ಲ; ಆದರೆ ಗುಣವಾಗದೆಂಬ ಮಾತು ಮಾಡಬೇಕಾದುದು ಏನೂ ಉಳಿದಿಲ್ಲವೆಂಬ ಮಾತಲ್ಲ. ನೋವಿಲ್ಲದ ರಾತ್ರಿ, ತನ್ನ ಕಾಲ ಮೇಲೆ ತಾನೇ ನಡೆದು ಹಿತ್ತಲಿಗೆ ಹೋಗಿ ಬರುವ ಬೆಳಗು, ಇವನ್ನು ಕೊಡಲು ಇಂದಿನ ವೈದ್ಯಶಾಸ್ತ್ರವು ಸಮರ್ಥವಾಗಿದೆ. ಬೆನ್ನುಹುರಿಯ ಒತ್ತಡಕ್ಕೆ ಚಿಕಿತ್ಸೆ ಆರಂಭವಾಗುವಾಗ ನಡೆಯುತ್ತಿದ್ದವರಲ್ಲಿ ಬಹುಪಾಲು ಜನ ಮುಂದೆಯೂ ನಡೆಯುತ್ತಾರೆ. ಕಾಲು ಬಿದ್ದುಹೋದ ಮೇಲೆ ಬಂದವರು ಮರಳಿ ನಡೆಯುವುದು ಅಪರೂಪ. ಆದ್ದರಿಂದ ಹಿಂದೆಂದಾದರೂ ಏಡಿಗಂತಿಗೆ ಚಿಕಿತ್ಸೆ ಪಡೆದವರು ಮನೆಯಲ್ಲಿದ್ದು, ಅವರಿಗೆ ಹೊಸದಾಗಿ ಬೆನ್ನುನೋವು ಕಾಣಿಸಿಕೊಂಡರೆ, ವಾಯು ಸೇರಿದೆ, ಸೊಂಟ ಹಿಡಿದಿದೆ ಎಂದು ಎಣ್ಣೆ ತೀಡಿಸುತ್ತ ದಿನ ಕಳೆಯಬಾರದು. ಬೇಗನೆ ವೈದ್ಯರಿಗೆ ತೋರಿಸಬೇಕು, ಕಾಲಿನಲ್ಲಿ ಬಲ ಕುಂದಿದರೆ ಅಥವಾ ಜೋಮು ಹಿಡಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.